ಹುಲಿಗಾಲಿನ ಬಫೆಗೆ ಹಸನಬ್ಬರ ಗರಗಸ

ಪುತ್ತೂರಿನ ಪೇಟೆಯ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಹಸನಬ್ಬ ಅಂಗಡಿಯ ಹಲಗೆ ಬಾಗಿಲು ತೆಗೆದು ನೆಲದ ಮೇಲೆ ಕುಳಿತಿದ್ದಾರೆ. ಎದುರಿಗೆ ಬೀಟಿ ಮರದ ದೊಡ್ಡ ಬಫೆ ಗೋಣಿಯ ಮೇಲೆ ಅಂಗಾತ ಮಲಗಿದೆ. ಪಿಂಗಾಣಿ ಬಸಿಗಳನ್ನು ಒಳಗಿಟ್ಟು, ಮೇಲ್ಹಲಗೆಯಿಂದ ಊಟ ಬಡಿಸಲು ಎಸ್ಟೇಟಿನ ದೊರೆಗಳು ಮಾಡಿಸಿಕೊಂಡಿದ್ದ ಕಪಾಟು ಇದು. ನಾಲ್ಕೂ ಕಾಲುಗಳ ತುದಿಯಲ್ಲಿ ಕೆತ್ತಿದ ಹುಲಿಯ ಪಾದಗಳಿವೆ, ಉಗುರು ಎಣಿಸಬಹುದು. ಪಾದಗಳ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಅರ ಹಾಕಿ ಹರಿತ ಮಾಡಿದ ಗರಗಸ. ಇವತ್ತು ಆ ಪಾದಗಳನ್ನು ಕೊಯ್ಯಬೇಕು. ಹಸನಬ್ಬ ಮಾತ್ರ ಬಟ್ಟೆ ಹಿಡಿದು ಅವನ್ನು ಒರೆಸುತ್ತಲೇ ಇದ್ದಾರೆ.

"ಕೊಯ್ಲಿಕ್ಕೆ ಅರ್ಧ ಗಂಟೆ ಸಾಕು. ತಿರುಗಿ ಕೂಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಹಸನಬ್ಬರಿಗೆ ಐವತ್ತೆಂಟು. ತಂದೆ ಗುಂಡ್ಯದಲ್ಲಿ ಘಾಟಿ ಹತ್ತುವ ಗಾಡಿಗಳ ಚಕ್ರ ಸರಿಮಾಡುತ್ತಿದ್ದರು. ಮಗ ಉಳಿ ಹಿಡಿಯಲು ಕಲಿತದ್ದು ಅಲ್ಲೇ. ದೊರೆಗಳು ದೇಶ ಬಿಟ್ಟ ಮೇಲೆ ಅವರ ಸಾಮಾನು ಘಟ್ಟ ಇಳಿಯತೊಡಗಿತು. ಮುರಿದದ್ದು, ಗೆದ್ದಲು ಹಿಡಿದದ್ದು ಈ ಅಂಗಡಿಗೆ ಬರುತ್ತದೆ. ಒಂದು ಬಫೆಗೆ ನಲವತ್ತು ಹಾಳೆ ಮರಳುಕಾಗದ, ಒಂಬತ್ತು ಸಲ ಅರಗಿನ ಪಾಲೀಶು, ಎರಡು ತಿಂಗಳ ಕೆಲಸ. ಮಳೆಗಾಲದಲ್ಲಿ ಪಾಲೀಶು ಒಣಗದು, ಆಗ ಮೂರೂವರೆ ತಿಂಗಳು. ಕೊಂಡ ಯಜಮಾನರು "ಬಂಗಲೆಯದ್ದು" ಎಂದು ಮೀಸೆ ತಿರುವುತ್ತಾರೆಯೇ ಹೊರತು ಹಸನಬ್ಬರ ಹೆಸರು ಎತ್ತುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ.

ಈ ಬಫೆ ಸುಳ್ಯದ ಕಡೆಯ ಕುಶಾಲಪ್ಪ ಗೌಡರ ಹೊಸ ಮನೆಗೆ. ಗೌಡರಿಗೆ ಮೊದಲು ಬೇಕಿದ್ದದ್ದು ಮಂಗಳೂರಿನಲ್ಲಿ ಕಂಡ ಹೊಸ ಫ್ಯಾಶನ್ನಿನದು: ಪ್ಲೈವುಡ್ಡು, ಜಾರುವ ಗಾಜು, ಕಡ್ಡಿಯಂಥ ಕಾಲು, ಸೊಂಟದೆತ್ತರ. ಹೆಂಡತಿ ದುಗ್ಗಮ್ಮ ಒಪ್ಪಲಿಲ್ಲ. "ನಮ್ಮ ಹಿತ್ತಾಳೆ ಪಾತ್ರೆ ಇಟ್ರೆ ಆ ಹಲಗೆ ತಡೀಲಿಕ್ಕುಂಟಾ?" ಎಂದರು. ಇಲ್ಲಿಗೆ ಬಂದು ಹುಲಿಗಾಲು ಕಂಡದ್ದೇ ತಡ, ಗೌಡರು ಪ್ಲೈವುಡ್ಡನ್ನು ಮರೆತರು.

ಆದರೆ ಹಸನಬ್ಬ ಮನೆ ನೋಡದೆ ಬಫೆ ಕೊಡುವವರಲ್ಲ. ಊಟದ ಹೊತ್ತಿಗೇ ಹೋಗಿ, ಜಗಲಿಯಲ್ಲಿ ಕೂತು, ಯಾರು ಎಲ್ಲಿ ಉಣ್ಣುತ್ತಾರೆ, ಯಾರು ಬಡಿಸುತ್ತಾರೆ ಎಂದು ನೋಡುತ್ತಾರೆ. ಗೌಡರ ಮನೆಯಲ್ಲಿ ಮೇಜು ನೆಂಟರಿಗೆ. ಮನೆಯವರು ಈಗಲೂ ಮಣೆ ಹಾಕಿ ನೆಲದಲ್ಲೇ ಕೂರುವುದು. ಬಡಿಸುವ ದುಗ್ಗಮ್ಮ ಗಿಡ್ಡ. ಹಸನಬ್ಬ ಹೊಸ ಸುಣ್ಣದ ಗೋಡೆಗೇ ಇದ್ದಿಲಿನಿಂದ ಬಫೆಯ ಎತ್ತರದ ಗೆರೆ ಎಳೆದರು. ಅದು ದುಗ್ಗಮ್ಮನ ಎದೆಗೆ ಬಂತು.

"ಆರು ಇಂಚು ಕಡೀಬೇಕು ಗೌಡ್ರೆ."

"ಪಾದವೇ ಹೋಗ್ತದಲ್ಲ ಬ್ಯಾರಿಗಳೇ! ನೆಂಟರು ನೋಡುದೇ ಅದನ್ನು."

ದುಗ್ಗಮ್ಮ ಬಾಯಿ ಹಾಕಿದರು. "ನೆಂಟರು ಬರುದು ವರ್ಷಕ್ಕೆ ನಾಲ್ಕು ಸಲ. ನಾನು ಬಡಿಸುದು ದಿನಕ್ಕೆ ಮೂರು ಸಲ."

ಗೌಡರು ತಲೆ ಕೆರೆದುಕೊಂಡು ಒಪ್ಪಿದರು. ಆದರೆ ಕೊಯ್ದ ಮೇಲೆ ಚೆಂದ ಕಾಣದಿದ್ದರೆ ತನಗೆ ಬೇಡ ಎಂದೂ ಹೇಳಿಬಿಟ್ಟರು. ಪಾದ ಹೋದ ಬಫೆಯನ್ನು ಬೇರೆ ಯಾರು ಕೊಳ್ಳುತ್ತಾರೆ? ಎರಡು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಬಹುದು.

ಮತ್ತೆ ಈ ಹಟ ಯಾಕೆ ಎಂದು ಕೇಳಿದರೆ ಹಸನಬ್ಬ ಮೂಲೆಗೆ ಕೈ ತೋರಿಸುತ್ತಾರೆ. ಅಲ್ಲಿ ಗೋಣಿ ಹೊದ್ದ ಇನ್ನೊಂದು ಬಫೆ ನಿಂತಿದೆ. ಹತ್ತು ವರ್ಷದ ಹಿಂದೆ ಅಕ್ಕನ ಮಗಳು ಆಸಿಯಾಳ ಮದುವೆಗೆ ಕೊಟ್ಟ ಉಡುಗೊರೆ. ಕಡಬದ ಆ ಮನೆಯವರು ಚಾಪೆ ಹಾಸಿ ಒಟ್ಟಿಗೆ ಕೂತು ಉಣ್ಣುವವರು. ಕಪಾಟೋ, ಮೇಜಿಗೆ ನಿಂತು ಬಡಿಸುವ ಬಟ್ಲರನ ಎತ್ತರದ್ದು. ಅದರ ಮೇಲಿಂದ ಬಿಸಿ ಸಾರು ಇಳಿಸಿ ಚಾಪೆಗೆ ಬಗ್ಗುವಾಗ ಪಾತ್ರೆ ಆಸಿಯಾಳ ಬಲಗೈ ಮೇಲೆ ಮಗುಚಿತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಮರುದಿನವೇ ಹಸನಬ್ಬ ಗಾಡಿ ಕಟ್ಟಿಸಿ ಅದನ್ನು ವಾಪಸು ತಂದರು. ಆಮೇಲೆ ಮಾರಲೂ ಇಲ್ಲ, ಮುಟ್ಟಲೂ ಇಲ್ಲ.

"ನಾನು ಚೆಂದ ನೋಡಿದೆ, ಬಡಿಸುವ ಕೈ ನೋಡ್ಲಿಲ್ಲ. ತಪ್ಪು ಮರದ್ದಲ್ಲ, ನನ್ನದು."

ಕೊನೆಗೆ "ಬಿಸ್ಮಿಲ್ಲಾ" ಎಂದು ಗರಗಸ ಎತ್ತುತ್ತಾರೆ. ಪಾದಗಳು ಒಂದೊಂದಾಗಿ ಗೋಣಿಯ ಮೇಲೆ ಬೀಳುತ್ತವೆ. ಹಸನಬ್ಬ ತಲೆ ಎತ್ತದೆ ಕಾಲಿನ ಅಂಚು ಉಜ್ಜಿ, ಪಾಲೀಶು ಬಳಿದು, ಪಕ್ಕದಂಗಡಿಯವರ ಕೈ ಸೇರಿಸಿ ಬಫೆಯನ್ನು ನಿಲ್ಲಿಸುತ್ತಾರೆ.

ಒಂಬತ್ತರ ಬಸ್ಸಿನಲ್ಲಿ ಗಂಡ ಹೆಂಡತಿ ಬಂದಿಳಿಯುತ್ತಾರೆ. ದುಗ್ಗಮ್ಮ ಅಂಗಡಿಯ ನೀರು ತುಂಬಿದ ಕೊಡವನ್ನು ಎತ್ತಿ ಮೇಲ್ಹಲಗೆಯ ಬಟ್ಟೆಯ ಮೇಲಿಡುತ್ತಾರೆ. ಅಲ್ಲಿಂದ ಇಳಿಸಿ ನೆಲಕ್ಕೆ ಬಗ್ಗುತ್ತಾರೆ. ಒಂದು ತೊಟ್ಟೂ ಚೆಲ್ಲುವುದಿಲ್ಲ. ಹಸನಬ್ಬ ಉಸಿರು ಬಿಟ್ಟದ್ದು ನನಗೂ ಕೇಳಿಸುತ್ತದೆ.

ಗೌಡರು ಬಫೆಗೆ ಎರಡು ಸುತ್ತು ಬರುತ್ತಾರೆ.

"ಆ ಪಾದ ಎಲ್ಲಿ? ಅದನ್ನೂ ಕೊಡಿ ಮಾರಾಯ್ರೆ. ಇದರೊಳಗೇ ಇಡುವ. ನೆಂಟರಿಗೆ ತೋರಿಸ್ಲಿಕ್ಕೆ ಆಗ್ತದೆ."

ಬಫೆ ಲಾರಿ ಹತ್ತಿ ಹೋಗುತ್ತದೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಹಸನಬ್ಬ ಮೂಲೆಗೆ ಹೋಗಿ ಗೋಣಿ ಸರಿಸುತ್ತಾರೆ. ಹತ್ತು ವರ್ಷದ ಧೂಳು ಏಳುತ್ತದೆ.

"ಆಸಿಯಾ ಇದನ್ನು ಒಂದು ಸಲವೂ ತಿರುಗಿ ಕೇಳ್ಲಿಲ್ಲ. ಅವಳಿಗೆ ಸರಿಯಾಗುವ ಹಾಗೆ ಮಾಡಿ ಕೊಡ್ಬೇಕು ಅಂತ ಉಂಟು."

"ಅಳತೆಗೆ ಕಡಬಕ್ಕೆ ಹೋಗ್ತೀರಾ?"

"ಎಂತಕ್ಕೆ? ಅವಳ ಅಳತೆ ಮರೆತದ್ದು ಯಾವಾಗ ನಾನು?" ಎನ್ನುತ್ತಾ ಅವರು ಬಗ್ಗಿ ಕಾಲಿಗೆ ಪೆನ್ಸಿಲ್ ಗೆರೆ ಎಳೆಯುತ್ತಾರೆ. "ಗರಗಸ ಹೇಗೂ ಹರಿತ ಉಂಟು."