ನಮಗೆ ಸಿಗದ ಒಂದು ಉದ್ಧರಣೆ ತೀರ್ಥ

ಪಂಢರಪುರದ ವಿಠ್ಠಲ ಯಾರವನು ಎಂಬ ಜಗಳಕ್ಕೆ ನಾನು ಋಣಿ. ಆ ಜಗಳ ಆಗದಿದ್ದರೆ ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲವೇನೋ.

ಎರಡನೇ ಮಹಾಯುದ್ಧಕ್ಕೂ ಮುಂಚಿನ ಮಾತು. ಪುಣೆಯ ಹಳೇ ಪೇಟೆಯ ಒಂದು ವಾಡೆಯಲ್ಲಿ ಬಾಡಿಗೆಗಿದ್ದೆವು. ನಡುವೆ ಅಂಗಳ, ಅಂಗಳದಲ್ಲೊಂದು ಬಾವಿ, ಸುತ್ತ ಮರಾಠಿ ಸಂಸಾರಗಳು; ಧಾರವಾಡದ ಕಡೆಯವರು ನಾವೊಬ್ಬರೇ. ಅಪ್ಪ ಖಡಕಿಯ ಕಾರ್ಖಾನೆಯಲ್ಲಿ ಕಾರಕೂನರು. ಅವ್ವ ದಿನ ತುಂಬಿದ ಬಸುರಿ. ಅಜ್ಜಿಗೆ ಎರಡೇ ಕೆಲಸ, ಜಪ ಮತ್ತು ವಾದ. ಒಂದು ದಿನ ಬಾವಿಕಟ್ಟೆಯ ಮೇಲೆ ವಾಡೆಯ ಒಡತಿಗೆ ಹೇಳಿಯೇಬಿಟ್ಟಳು:

"ವಿಠ್ಠಲ ನಮ್ಮ ಕನ್ನಡದವನ್ರೀ. ನೀವು ಕಡಾ ಒಯ್ದವ್ರು ಹೊಳ್ಳಿ ಕೊಟ್ಟಿಲ್ಲ, ಅಷ್ಟ."

ವರ್ಷಗಟ್ಟಲೆ ಅಜ್ಜಿಯೊಡನೆ ಜಗಳವಾಡಿ ಒಡತಿಗೂ ಅಷ್ಟು ಕನ್ನಡ ಬರುತ್ತಿತ್ತು. ಸುಮ್ಮನಿರುವ ಹೆಂಗಸೂ ಅಲ್ಲ ಅವಳು. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋದವಳು ತಂಬಿಗೆ ತುಂಬ ಚಂದ್ರಭಾಗಾ ಹೊಳೆಯ ನೀರು ತಂದು, ಮನೆಮನೆಗೂ ಹೋಗಿ ಒಬ್ಬೊಬ್ಬರಿಗೆ ಒಂದು ಉದ್ಧರಣೆ ತೀರ್ಥ ಕೊಟ್ಟಳು. ನಮ್ಮ ಬಾಗಿಲು ಬಂದಾಗ ಮುಖ ತಿರುಗಿಸಿ ಮುಂದೆ ನಡೆದಳು. ಮಡಿಯುಟ್ಟು ಹೊಸ್ತಿಲಲ್ಲಿ ನಿಂತಿದ್ದ ಅಜ್ಜಿ ಚಾಚಿದ ಅಂಗೈ ಹಾಗೇ ಉಳಿಯಿತು. ಜಗಳಗಂಟಿ ಅಜ್ಜಿ ಅತ್ತದ್ದನ್ನು ನಾನು ಅಂದೇ ಮೊದಲು ಕಂಡೆ.

ಒಂದೆರಡು ದಿನದಲ್ಲಿ ವಾಡೆಗೆ ಕಾಲರಾ ಹೊಕ್ಕಿತು. ನಮ್ಮದೊಂದನ್ನು ಬಿಟ್ಟು ಯಾವ ಮನೆಯನ್ನೂ ಬಿಡಲಿಲ್ಲ. ನಾವು ಮಾತ್ರ ಜೋಳದ ರೊಟ್ಟಿ ಬಡಿದು ತಿನ್ನುತ್ತ ಗುಂಡುಕಲ್ಲಿನ ಹಾಗಿದ್ದೆವು. ಅದೇ ನಮ್ಮ ಅಪರಾಧವಾಯಿತು. ಆ ವಾರವೇ ಸೋದರಮಾವ ರೈಲಿನಲ್ಲಿ ಊರಿಂದ ಜೋಳದ ಚೀಲ ತಂದಿದ್ದ. ರೋಗ ಬಂದದ್ದು ಆ ಚೀಲದಲ್ಲೇ, ಕಾನಡಿಗಳಿಗೆ, ಎಂದರೆ ನಮ್ಮಂಥ ಕನ್ನಡದವರಿಗೆ, ಅದು ಒಗ್ಗಿಹೋಗಿದೆ ಎಂದು ವಾಡೆ ತೀರ್ಪು ಕೊಟ್ಟಿತು. ಎಂಥ ತರ್ಕ! ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ.

ನಾಳೆಯೇ ಕೋಣೆ ಖಾಲಿ ಮಾಡಿ ಎಂದಳು ಒಡತಿ. ಹೆರಿಗೆಯವರೆಗಾದರೂ ಇರಗೊಡಿ ಎಂದು ಅಪ್ಪ ಮರಾಠಿಯಲ್ಲಿ ಬೇಡಿಕೊಂಡರು. ಅವಳು ಕೇಳಲಿಲ್ಲ; ಒಳಗೆ ಅವಳ ಸೊಸೆಯೇ ಕಣ್ಣು ಮೇಲೆ ಮಾಡಿ ಮಲಗಿದ್ದಳು. ಅವ್ವ ಏದುಸಿರು ಬಿಡುತ್ತ ಗಂಟು ಕಟ್ಟತೊಡಗಿದಳು.

ಮರುದಿನ ಬೆಳಿಗ್ಗೆ ಮುನಿಸಿಪಾಲಿಟಿಯ ಡಾಕ್ಟರರು ಬಂದು ರೋಗದ ಮೂಲ ಹುಡುಕತೊಡಗಿದರು. ಬಾವಿಯ ನೀರೇ ಎಂದರೆ, ಅದನ್ನು ನಾವೂ ಕುಡಿಯುತ್ತಿದ್ದೆವು. ಜೋಳವೇ ಎಂದರೆ, ನಮ್ಮ ರೊಟ್ಟಿಯನ್ನು ಅವರ್ಯಾರೂ ಮುಟ್ಟಿದವರಲ್ಲ. ಹಾಗಾದರೆ ಕಾಯಿಲೆ ಬಿದ್ದವರೆಲ್ಲ ಈಚೆಗೆ ತಿಂದದ್ದೇನು, ಕುಡಿದದ್ದೇನು ಎಂದು ಕೇಳಿದರು. ಯಾರಿಗೂ ಹೊಳೆಯಲಿಲ್ಲ. ಅಜ್ಜಿಗೋ, ದೂರು ಹೇಳಿಕೊಳ್ಳಲು ದೊಡ್ಡ ಮನುಷ್ಯರೊಬ್ಬರು ಸಿಕ್ಕಂತಾಯಿತು. ಅವಳು ಹೇಳಿದ್ದನ್ನು ಅಪ್ಪ ಮರಾಠಿ ಮಾಡುತ್ತ ಹೋದರು.

"ಏನ್ ಹೇಳ್ಲಿರೀ ಡಾಕ್ಟರ್ ಸಾಹೇಬ್ರ! ಎಲ್ಲಾರಿಗೂ ಪಂಢರಪುರದ ತೀರ್ಥ ಕೊಟ್ರು. ನಮಗ ಒಂದ್ ಹನಿ ಸೈತ ಕೊಡ್ಲಿಲ್ರೀ. ನಾವೇನ್ ಮನಷ್ಯಾರಲ್ಲೇನ್ರಿ?"

ಡಾಕ್ಟರರು ಆ ತಂಬಿಗೆಯನ್ನು ತರಿಸಿದರು. ಪಂಢರಪುರದಲ್ಲಿ ಯಾತ್ರೆಯ ಜನಕ್ಕೆ ಕಾಲರಾ ಹತ್ತಿದೆ, ನಿಮಗೆ ಗೊತ್ತಿರಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಒಡತಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಮುದ್ದಿನ ಸೊಸೆಯೆಂದು ಅವಳಿಗೆ ಎರಡು ಉದ್ಧರಣೆ ಕೊಟ್ಟಿದ್ದಳಂತೆ. ತಾನು ಗೆದ್ದೆನೆಂದು ತಿಳಿಯಲು ಅಜ್ಜಿಗೆ ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಹೋಗಿ ಒಡತಿಯ ಪಕ್ಕದಲ್ಲಿ ಕೂತಳು.

ಮೂಲೆಮನೆಯ ಮುದುಕ ಉಳಿಯಲಿಲ್ಲ. ಸೊಸೆ ಹೇಗೋ ಬದುಕಿಕೊಂಡಳು. ನನ್ನ ತಮ್ಮ ಅದೇ ಕೋಣೆಯಲ್ಲಿ ಹುಟ್ಟಿದ. ನೀರು ಕಾಯಿಸಿಕೊಟ್ಟವಳು ಒಡತಿ.

ಮರುವರ್ಷದ ಆಷಾಢದಲ್ಲಿ ಅವಳು ತಂಬಿಗೆ ಹಿಡಿದು ಮೊದಲು ನಮ್ಮ ಬಾಗಿಲಿಗೇ ಬಂದಳು. ಬಂದಳೇ ಹೊರತು ಉದ್ಧರಣೆ ಎತ್ತಲಿಲ್ಲ. ಅಜ್ಜಿ ತಾನೇ ಅಂಗೈ ಚಾಚಿ ತೀರ್ಥ ಇಸಿದುಕೊಂಡು, ಕಣ್ಣಿಗೊತ್ತಿ, ತಲೆಯ ಮೇಲೆ ಹಾಕಿಕೊಂಡಳು. ತುಟಿಗೆ ತಾಗಿಸಲಿಲ್ಲ.

"ವಿಠ್ಠಲ ನಮ್ಮವನ ಖರೇರೀ," ಎಂದಳು. "ಹೊಳಿ ಮಾತ್ರ ನಿಮ್ದ."

ಒಡತಿ ನಕ್ಕಳು, ನಗುತ್ತಲೇ ಅತ್ತಳು, ತನ್ನ ಪಾಲಿನ ತೀರ್ಥವನ್ನೂ ತಲೆಗೇ ಹಾಕಿಕೊಂಡಳು.