ಫಾಲ್ ಹಚ್ಚುತ್ತಿದ್ದ ಅಕ್ಕ

ಕಳೆದ ವಾರ ಮಗಳ ಹೊಸ ಸೀರೆಗೆ ಫಾಲ್ ಹಚ್ಚಿಸಿ ತಂದೆವು. ಪೊಟ್ಟಣ ಬಿಚ್ಚಿದ ಕೂಡಲೇ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಮಗಳು ಅಂಚಿನ ಬಣ್ಣ ನೋಡುತ್ತಿದ್ದಳು. ನನಗೆ ಹುಮನಾಬಾದಿನ ಆ ಚಿಕ್ಕ ಕೋಣೆ ನೆನಪಾಯಿತು...

ಅಲ್ಲಿ ನಾನು ಎಚ್‌ಐವಿ ಇರುವವರಿಗೆ ಗುಳಿಗೆ ಕೊಡುವ ಕೇಂದ್ರವೊಂದರಲ್ಲಿ ಸಮಾಲೋಚಕಿಯಾಗಿದ್ದೆ. ನಮ್ಮ ಕಡೆ ಒಂದು ರಿವಾಜಿತ್ತು. ಬಸವಕಲ್ಯಾಣದವರು ಗುಳಿಗೆಗೆ ಹುಮನಾಬಾದಿಗೆ ಬರುತ್ತಿದ್ದರು, ಹುಮನಾಬಾದಿನವರು ಬಸವಕಲ್ಯಾಣಕ್ಕೆ ಹೋಗುತ್ತಿದ್ದರು. ಊರವರ ಕಣ್ಣು ತಪ್ಪಿಸಬೇಕಲ್ಲ! ನಡುದಾರಿಯಲ್ಲಿ ಎರಡೂ ಬಸ್ಸು ಎದುರಾಗುತ್ತಿದ್ದವು. ನಾನು ಅಕ್ಕ ಎಂದು ಕರೆಯುತ್ತಿದ್ದಾಕೆ ಕಲ್ಯಾಣದ ಬಸ್ಸಿನವಳು.

ಆಕೆ ಮನೆಯಲ್ಲೇ ಕೂತು ಸೀರೆಗೆ ಫಾಲ್ ಹಚ್ಚಿ ಹೊಟ್ಟೆ ಹೊರೆಯುತ್ತಿದ್ದಳು. ಆಕೆ ಬಂದರೆ ನನ್ನ ಕೋಣೆಯ ತುಂಬ ಹೊಸ ಸೀರೆಯ ಗಂಜಿ ವಾಸನೆ. ಹುಟ್ಟಿದಾಗ ಗಂಡೆಂದು ಬರೆಸಿದ್ದರು. ಹದಿನೆಂಟಕ್ಕೆ ಸೀರೆ ಉಟ್ಟವಳು ಮತ್ತೆ ತೆಗೆಯಲಿಲ್ಲ. ಗುರುತಿನ ಕಾರ್ಡಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿತ್ತು. ಮೊದಲ ದಿನ ನಾನು ಅದನ್ನೇ ಕೂಗಿದೆ, ಯಾರೂ ಏಳಲಿಲ್ಲ. ಮೂರನೆಯ ಸಲ ಕೂಗಿದಾಗ ಆಕೆ ಎದ್ದು ಬಂದು, "ತಂಗಿ, ಅಂವ ಸತ್ತು ಭಾಳ ದಿನ ಆತು. ಅಕ್ಕಾ ಅಂತ ಕರಿ," ಎಂದಳು. ಎಲ್ಲರೂ ನನ್ನನ್ನು ಮೇಡಂ ಎನ್ನುವಾಗ ಆಕೆಯೊಬ್ಬಳೇ ತಂಗಿ ಎನ್ನುತ್ತಿದ್ದಳು. ನನ್ನ ಸೀರೆಯ ಅಂಚು ಹಿಡಿದು ನೋಡಿ, "ಇದ್ಯಾವ ಹೊಲಿಗಿ? ಕೋಳಿ ಕೆದರಿದಂಗ ಅದ," ಎಂದು ನಗುತ್ತಿದ್ದಳು.

ಏಳು ವರ್ಷ ಒಂದು ದಿನವೂ ಗುಳಿಗೆ ತಪ್ಪಿಸಿರಲಿಲ್ಲ. ತಪಾಸಣೆಯಲ್ಲಿ ವೈರಸ್ಸು ಕಾಣದಷ್ಟು ಕಡಿಮೆಯಾಗಿತ್ತು. ಹಾಗಾದವರೊಡನೆ ಕೂಡಿದರೂ ಸೋಂಕು ದಾಟುವುದಿಲ್ಲ.

ಒಬ್ಬಂಟಿ ಬದುಕು, ಗಂಡಸರ ಕಾಟ. ಒಮ್ಮೆ ಆಕೆ ಅದನ್ನು ಹೇಳಿಕೊಂಡಾಗ ನಾನು ಮಹಾ ಜಾಣೆಯಂತೆ, "ಬ್ಯಾನಿ ಅದ ಅಂದ್ಬಿಡ್ರಿ ಅಕ್ಕಾ, ಹೆದರಿ ಓಡ್ತಾರ," ಎಂದೆ. ಪುಕ್ಕಟೆ ಬುದ್ಧಿ, ಹೇಳುವ ಬಾಯಿಗೇನು ಕಷ್ಟ?

ಕೆಲವು ತಿಂಗಳ ಮೇಲೆ ಆಕೆ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಬಂದಳು. ಸೀರೆ ಕೊಟ್ಟು ಮರಳುವಾಗ ಇಬ್ಬರು ಅಡ್ಡಗಟ್ಟಿ ಖಾಲಿ ಗೋದಾಮಿಗೆ ಎಳೆದೊಯ್ದಿದ್ದರು. ಆಕೆ ನಾನು ಹೇಳಿಕೊಟ್ಟಂತೆಯೇ ಹೇಳಿದ್ದಳು. ಒಬ್ಬ ಓಡಿದ. ಇನ್ನೊಬ್ಬ ಸುಳ್ಳೆಂದು ಹೊಡೆದ, ಬಿಡಲಿಲ್ಲ. ಓಡಿದವನು ಊರಿಗೆಲ್ಲ ಹೇಳಿದ. ವಾರದೊಳಗೆ ಆಕೆಯ ಮನೆಗೆ ಸೀರೆ ಬರುವುದು ನಿಂತಿತು.

"ಕಂಪ್ಲೇಂಟ್ ಕೊಡೋಣು, ನಾ ಜೋಡಿ ಬರ್ತೀನಿ," ಎಂದೆ.

"ಯಾರ ಹೆಸರು ಬರಸ್ಲಿ? ಕಾರ್ಡಿನ್ಯಾಗಿನವಗ ಏನೂ ಆಗಿಲ್ಲ ತಂಗಿ. ಆಗಿದ್ದು ನನಗ."

ನನ್ನ ಸಲಹೆಯ ಮಾತನ್ನು ಆಕೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಅದಕ್ಕೆ ಇಂದಿಗೂ ನಾಚಿಕೆಯಿದೆ. ವೈದ್ಯರಿಗೆ ತೋರಿಸಿದೆವು. ಗುಳಿಗೆ ತೆಗೆದುಕೊಂಡು ಹೋದಳು, ಅದೇ ಕೊನೆ. ಮನೆ ಖಾಲಿ ಮಾಡಿ ಸೋಲಾಪುರಕ್ಕೆ ಹೋದಳೆಂದರು, ಹೈದರಾಬಾದ್ ಎಂದರು... ಯಾವ ಕೇಂದ್ರದಲ್ಲೂ ಆಕೆ ಮತ್ತೆ ಗುಳಿಗೆ ಪಡೆದ ದಾಖಲೆ ಸಿಗಲಿಲ್ಲ. ಗುಳಿಗೆ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಮೂರ್ನಾಲ್ಕು ತಿಂಗಳಾದ ಮೇಲೆ ಕಲ್ಯಾಣದ ಬಸ್ಸಿನಿಂದ ಇಸ್ತ್ರಿ ಅಂಗಿಯ ಒಬ್ಬ ಇಳಿದು ಬಂದ. ರಕ್ತ ತಪಾಸಣೆ ಆಗಬೇಕೆಂದ. ಕಾರಣ ಕೇಳುವುದು ನನ್ನ ಕೆಲಸ.

"ನಮ್ಮೂರಾಗ ಒಬ್ಬಾಕಿ ಫಾಲ್ ಹಚ್ತಿದ್ದಳ್ರಿ... ಆಕಿ ಕಡಿ ಒಮ್ಮಿ ಹೋಗಿದ್ದೆ. ಬ್ಯಾನಿ ಅದ ಅಂದಿದ್ದಳು. ಈಗ ನನ್ನ ಹೆಂಡ್ತಿ ಬಸುರಿ ಅದಾಳ್ರಿ."

ಹೋಗಿದ್ದೆ ಎಂದ, ನೆಂಟರ ಮನೆಗೆ ಹೋಗಿಬಂದವನ ಹಾಗೆ. ಗೋದಾಮಿನಲ್ಲಿ ಅಕ್ಕನನ್ನು ಬಿಡದವನು ಇವನೇ. ಆದರೂ ಎಲ್ಲರಿಗೂ ಕೊಡುವ ಕುರ್ಚಿಯನ್ನೇ ಕೊಟ್ಟೆ. ಅಲ್ಲಿ ಕೇಳಿದ್ದು ಹೊರಗೆ ಹೋಗಕೂಡದೆಂಬ ನಿಯಮ ಅಕ್ಕನಂಥವರಿಗಾಗಿ ಇದೆಯೆಂದುಕೊಂಡಿದ್ದೆ. ಅವನಿಗೂ ಅದೇ ನಿಯಮ.

ಅವನಿಗೆ ಸೋಂಕಿರಲಿಲ್ಲ. ಕಾಗದವನ್ನು ಕಣ್ಣಿಗೆ ಒತ್ತಿಕೊಂಡ. "ಆಕಿ ಸುಳ್ಳು ಹೇಳ್ಯಾಳಂತ ನಾ ಅವತ್ತೇ ಅಂದಿದ್ದೆ ನೋಡ್ರಿ," ಎಂದು ನಕ್ಕ. ನಾನು ರಿಜಿಸ್ಟರಿನಲ್ಲಿ ಅವನ ಸಹಿ ಹಾಕಿಸಿಕೊಂಡು ಮುಂದಿನವರ ಹೆಸರು ಕೂಗಿದೆ.

ಈಗ ನಾನಿರುವುದು ಬಸವಕಲ್ಯಾಣದಲ್ಲಿ. ಪೇಟೆಯಲ್ಲಿ ಅವನು ಒಮ್ಮೊಮ್ಮೆ ಎದುರಾಗುತ್ತಾನೆ, ಗುರುತಿಲ್ಲದವನಂತೆ ದಾಟುತ್ತಾನೆ. ಜೊತೆಗೆ ಹೆಂಡತಿ, ಶಾಲೆಯ ಚೀಲ ಹೊತ್ತ ಮಗಳು. ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ. ಆ ಮಗುವಿಗೆ ಸೋಂಕು ತಗಲದಂತೆ ಕಾಯ್ದದ್ದು ಅಕ್ಕ ಏಳು ವರ್ಷ ತಪ್ಪದೆ ನುಂಗಿದ ಗುಳಿಗೆ. ಅಕ್ಕ ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.