ಅಕ್ಕನ ಸಾರಿಗೆ ಏನು ಕಡಿಮೆ

ಪರದೇಶದ ಆ ಊರಿನಲ್ಲಿ ನಮ್ಮ ಭಾವನನ್ನು ಊಟಕ್ಕೆ ಕರೆಯುವವರು ಕೊನೆಕೊನೆಗೆ ಯಾರೂ ಉಳಿದಿರಲಿಲ್ಲ. ಕರೆದವರ ಮನೆಯಲ್ಲಿ ಎರಡು ತುತ್ತು ಉಂಡು, ನಿಟ್ಟುಸಿರು ಬಿಟ್ಟು, "ಚೆನ್ನಾಗಿದೆ, ಆದ್ರೆ ನಮ್ಮ ಕಡೆ ರುಚಿ ಇಲ್ಲ ಬಿಡಿ" ಎನ್ನುತ್ತಿದ್ದ. ಬೆಳಗಿನಿಂದ ಒಲೆಯ ಮುಂದೆ ನಿಂತವರಿಗೆ ಹೇಗಾಗಬೇಡ? ಒಳ್ಳೆಯ ಮನುಷ್ಯ, ಮೈಮುರಿದು ದುಡಿಯುವವನು, ಕುಡಿತವಿಲ್ಲ, ಜೂಜಿಲ್ಲ. ಆದರೆ ಊಟದ ಮಾತು ಬಂತೆಂದರೆ ಅವನಷ್ಟು ತಲೆ ತಿನ್ನುವವನು ಇನ್ನೊಬ್ಬನಿಲ್ಲ. ಅವನನ್ನು ಕಟ್ಟಿಕೊಂಡವಳು ನನ್ನ ಸ್ವಂತ ಅಕ್ಕ, ಹಾಗಾಗಿ ಇಷ್ಟು ಹೇಳುವ ಹಕ್ಕು ನನಗಿದೆ.

ಭಾವನಿಗೆ ನಲ್ಲಿಗಳಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಕೆಲಸ. ಹಿತ್ತಾಳೆಯ ನಲ್ಲಿಗಳನ್ನು ಒಂದೊಂದಾಗಿ ಕೊಕ್ಕೆಗೆ ಸಿಕ್ಕಿಸಬೇಕು. ಆ ಕೊಕ್ಕೆಗಳ ಚೌಕಟ್ಟನ್ನು ಮೊದಲು ಜಿಡ್ಡು ಬಿಡಿಸುವ ಬಿಸಿ ತೊಟ್ಟಿಗೆ, ಆಮೇಲೆ ಆಸಿಡ್ಡಿಗೆ, ಆಮೇಲೆ ನೀರಿಗೆ, ಕೊನೆಗೆ ನಿಕ್ಕಲ್ಲಿನ ತೊಟ್ಟಿಗೆ ಇಳಿಸಿ ಎತ್ತಬೇಕು. ಎತ್ತಿದಾಗ ನಲ್ಲಿಯಲ್ಲಿ ಮುಖ ಕಾಣಬೇಕು. ಆಸಿಡ್ ತೊಟ್ಟಿಯ ಮೇಲೆ ಹೊಗೆ ಎಳೆಯುವ ದೊಡ್ಡ ಫ್ಯಾನೊಂದಿತ್ತು. ಚಳಿಗಾಲದಲ್ಲಿ ಅದು ಹೊಗೆಯ ಜೊತೆಗೆ ಶೆಡ್ಡಿನ ಬಿಸಿಯನ್ನೂ ಎಳೆದು ಹೊರಗೆ ಹಾಕುತ್ತಿತ್ತು. ಬಿಸಿಲಿನ ನಾಡಿನಿಂದ ಹೋದ ನಮ್ಮವರು ಆ ಥಂಡಿ ತಡೆಯಲಾರದೆ, ಮೇಸ್ತ್ರಿ ಅತ್ತ ತಿರುಗಿದ ಕೂಡಲೇ ಇತ್ತ ಫ್ಯಾನು ಆರಿಸಿಬಿಡುತ್ತಿದ್ದರು. ಮೇಸ್ತ್ರಿ ಬಂದು ಬೈದು ಫ್ಯಾನು ಹಾಕುವುದು, ಇವರು ಮತ್ತೆ ಆರಿಸುವುದು. ಅದನ್ನು ಭಾವ ದೊಡ್ಡ ಸಾಹಸವೆಂಬಂತೆ ನಮಗೆ ಹೇಳುತ್ತಿದ್ದ, ನಾವೂ ನಗುತ್ತಿದ್ದೆವು.

ತಾಯಿಯಿಲ್ಲದ ಭಾವನನ್ನು ಸಾಕಿದವಳು ಅವನ ಅಕ್ಕ. ಅವಳಿಗೆ ಕೇರಿಯಲ್ಲೆಲ್ಲ ಸಾರಕ್ಕ ಎಂದೇ ಹೆಸರು. ಅವಳ ಮನೆಯಲ್ಲಿ ಒಗ್ಗರಣೆ ಬಿದ್ದರೆ ಆಚೆ ಮನೆಯವರು ಬಟ್ಟಲು ಹಿಡಿದು ಬರುತ್ತಿದ್ದರಂತೆ. ಹೊಸ ಮೀಸೆ ಹೊತ್ತು ವಿಮಾನ ಹತ್ತಿದ ಭಾವ, ಮೊದಲ ವರ್ಷಗಳನ್ನು ಒಂದೇ ಕೋಣೆಯಲ್ಲಿ ಆರು ಜನರ ಜೊತೆ, ಬ್ರೆಡ್ಡು ಮತ್ತು ಅರೆಬೆಂದ ಅನ್ನದಲ್ಲಿ ಕಳೆದ. ಮದುವೆಗೆಂದು ಊರಿಗೆ ಬಂದಾಗ ಮೂಗು ಕಟ್ಟಿತ್ತು. "ಹವಾ ಬದಲಾವಣೆ, ಪ್ರಯಾಣದ ನೆಗಡಿ" ಎಂದರು. ಸಾರಕ್ಕ ಮೆಣಸಿನ ಕಷಾಯ ಕುದಿಸಿ ಕುದಿಸಿ ಕುಡಿಸಿದಳು. ಸಿಕ್ಕ ರಜೆಯೆಲ್ಲ ಮದುವೆಯ ಗದ್ದಲಕ್ಕೇ ಹೋಯಿತು. ಆಸೆಪಟ್ಟು ಬಂದವನು ತನ್ನ ಅಕ್ಕನ ಸಾರನ್ನು ಬಾಯ್ತುಂಬ ಉಣ್ಣಲಾಗದೆ ನನ್ನ ಅಕ್ಕನನ್ನು ಕರೆದುಕೊಂಡು ವಾಪಸ್ಸು ಹೊರಟ. ಆ ಕೊರಗು ಅವನನ್ನು ಬಿಡಲೇ ಇಲ್ಲ.

ಆಮೇಲೆ ಕಾಗದಪತ್ರದ ತೊಡಕು, ಮಗಳು ಹುಟ್ಟಿದ್ದು, ಬಾಡಿಗೆ ಮನೆ ಬದಲಿಸಿದ್ದು. ವರ್ಷಗಳು ಹೋದದ್ದು ಗೊತ್ತಾಗಲಿಲ್ಲ. ನಾನೂ ಅಲ್ಲಿಗೇ ಹೋಗಿ ಶಾಲೆಯ ಬಸ್ಸಿಗೆ ಡ್ರೈವರ್ ಆದೆ. ರಜಾ ದಿನ ಅಕ್ಕನ ಮನೆಯಲ್ಲೇ ನನ್ನ ಊಟ. ಎರಡು ಕೋಣೆ, ಕಿಟಕಿಗೆ ಒತ್ತಿದಂತೆ ಒಲೆ, ಒಲೆಯ ಪಕ್ಕದಲ್ಲೇ ಊಟದ ಮೇಜು. ಅಕ್ಕ ಹೋಟೆಲೊಂದರ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ, ಬಂದ ಕಾಲಲ್ಲೇ ಅಡುಗೆಗೆ ನಿಲ್ಲುತ್ತಿದ್ದಳು. ಸೊಂಟ ಹಿಡಿದುಕೊಂಡೇ ಬಡಿಸುತ್ತಿದ್ದಳು. ಬಡಿಸಿ, ತಟ್ಟೆಯನ್ನಲ್ಲ, ಭಾವನ ಮುಖವನ್ನು ನೋಡುತ್ತಿದ್ದಳು.

"ಹೇಗಿದೆ?"

"ಇದೆ."

"ಇದೆ ಅಂದ್ರೆ?"

"ಉಪ್ಪಿದೆ, ಖಾರ ಇದೆ, ಹುಳಿ ಇದೆ. ಎಲ್ಲಾ ಇದೆ ಕಣೇ. ಸಾರು ಮಾತ್ರ ಇಲ್ಲ."

ನನಗೆ ಮೈ ಉರಿಯುತ್ತಿತ್ತು. ಆ ಸಾರು ನಮ್ಮ ಅಮ್ಮನ ಕೈಯಿಂದ ಬಂದದ್ದು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನ್ನ ಬಾಯಲ್ಲಿ ನೀರೂರುತ್ತಿತ್ತು. "ಭಾವಾ, ಇದಕ್ಕಿಂತ ಚೆನ್ನಾಗಿ ಯಾರೂ ಮಾಡಲ್ಲ" ಎಂದರೆ, "ನಿಮ್ಮನೆ ನಾಲಿಗೆಗೆ ನಿಮ್ಮನೆ ಅಡುಗೆ ಚೆಂದ, ನೀನು ಸಾರಕ್ಕನ ಕೈ ನೋಡಿಲ್ಲ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ನೆರೆಯವರೂ ಅವನ ತಾಳಕ್ಕೇ ಕುಣಿಯುತ್ತಿದ್ದರು. ಇಲ್ಲಿನ ನೀರೇ ಸರಿಯಿಲ್ಲ, ಟೊಮ್ಯಾಟೊಗೆ ಬಣ್ಣ ಬಿಟ್ಟು ಇನ್ನೇನಿಲ್ಲ, ಇಂಗಿನಲ್ಲೂ ಹಿಟ್ಟು ಬೆರೆಸುತ್ತಾರೆ. ನಮ್ಮ ಕಡೆಯ ನಾಲ್ಕು ಜನ ಸೇರಿದರೆ ಮೊದಲು ಬರುವ ಮಾತೇ ಅದು. ಈ ದೇಶದ ಊಟಕ್ಕೆ ರುಚಿಯಿಲ್ಲ ಎಂದು ಯಾರಾದರೂ ಅಂದರೆ ಹೂಂಗುಟ್ಟುತ್ತಿದ್ದೆವು, ಅಷ್ಟೆ. ರುಚಿಯಿಲ್ಲ ಎಂದವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂದು ಯಾರಿಗೆ ತಾನೇ ಹೊಳೆದೀತು?

ಅಕ್ಕ ಮಾತ್ರ ಸೋಲೊಪ್ಪಲಿಲ್ಲ. ಸಾರಕ್ಕನಿಗೆ ಫೋನು ಹಚ್ಚಿ ಕೇಳಿಕೊಂಡು ಕೊತ್ತಂಬರಿ ಹೆಚ್ಚು ಹುರಿದಳು. ಅದೂ ಆಗಲಿಲ್ಲವೆಂದು ಮೆಂತ್ಯ ಇಳಿಸಿದಳು, ಇಂಗು ಏರಿಸಿದಳು, ಬೆಲ್ಲ ಹಾಕಿದಳು, ಬೆಲ್ಲ ಬಿಟ್ಟಳು. ಖಾರ ಏರುತ್ತಾ ಹೋಗಿ ಮಗಳು ಬೇರೆ ಪಾತ್ರೆಯಲ್ಲಿ ಉಣ್ಣುವಂತಾಯಿತು. "ಒಂದೇ ಒಂದು ದಿನ ಚೆನ್ನಾಗಿದೆ ಅಂದುಬಿಟ್ರೆ ಸಾಕು ಕಣೋ, ಆಮೇಲೆ ಬೇಕಾದ್ರೆ ಜೀವನಪೂರ್ತಿ ಬೈಯ್ಲಿ" ಎಂದು ನನ್ನ ಮುಂದೆ ಒಮ್ಮೆ ಅತ್ತಳು. ಇಷ್ಟು ಸಣ್ಣ ಆಸೆಯನ್ನೂ ನಡೆಸಿಕೊಡಲಾರದ ಗಂಡ ಎಂಥವನು ಎಂದು ನನಗೆ ಸಿಟ್ಟು ಬಂದಿತ್ತು.

ಅಂತೂ ಭಾವನಿಗೆ ಊರಿಗೆ ಹೋಗುವ ಯೋಗ ಬಂತು. ಮಗಳ ಪರೀಕ್ಷೆಯೆಂದು ಅಕ್ಕ ಉಳಿದಳು, ಜೊತೆಗೆ ನಾನು ಹೊರಟೆ. ಹೊರಡುವ ಮುಂಚಿನ ಇಡೀ ತಿಂಗಳು ಭಾವನ ಬಾಯಲ್ಲಿ ಸಾರಿನ ಜಪ. ವಿಮಾನದಲ್ಲಿ ಕೊಟ್ಟದ್ದನ್ನು ಮುಟ್ಟಲಿಲ್ಲ. "ಹೊಟ್ಟೆ ಖಾಲಿ ಇರ್ಲಿ, ನಾಳೆಗೆ ಬೇಕು" ಎಂದ. ಪಕ್ಕದಲ್ಲಿ ಕೂತಿದ್ದ ನಾನು ಅವನ ಪಾಲನ್ನೂ ತಿಂದೆ.

ಸಾರಕ್ಕ ತಮ್ಮನಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ವಯಸ್ಸಾಗಿತ್ತು. ಆದರೆ ಒಗ್ಗರಣೆ ಚಟಪಟ ಎಂದಾಗ ಅಂಗಳದಲ್ಲಿ ನಿಂತಿದ್ದ ನನ್ನನ್ನು ಕಾಲು ತಾನಾಗಿ ಒಳಗೆ ಎಳೆಯಿತು. ಭಾವ ಚಕ್ಕಳಮಕ್ಕಳ ಹಾಕಿ ಕೂತ. ಬಿಸಿ ಅನ್ನ, ಗುಂಡಿ ಮಾಡಿ ಸುರಿದ ಸಾರು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ನಾವಿಬ್ಬರೂ ಅವನನ್ನೇ ನೋಡುತ್ತಿದ್ದೆವು. ಅಗಿದ, ನುಂಗಿದ, ಇನ್ನೊಂದು ತುತ್ತು ಬೇಗಬೇಗ ಕಲಸಿ ತಿಂದ. ಸಾರನ್ನು ಅಂಗೈಗೆ ಹಾಕಿಸಿಕೊಂಡು ಹೀರಿದ. ಮುಖ ಸಪ್ಪಗಾಯಿತು.

"ಏನೋ? ಉಪ್ಪು ಕಮ್ಮಿಯಾಯ್ತಾ?"

"ಇಲ್ಲ ಕಣಕ್ಕಾ." ತಟ್ಟೆ ನೋಡುತ್ತಾ ಹೇಳಿಯೇಬಿಟ್ಟ. "ಅದು ಬಂದಿಲ್ಲ. ನಿನ್ನ ಕೈಯಲ್ಲೂ ಅದು ಹೋಗಿಬಿಟ್ಟಿದೆ."

ಸಾರಕ್ಕ ಸೌಟನ್ನು ಪಾತ್ರೆಯಲ್ಲಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹಿತ್ತಲಿಗೆ ಹೋದಳು. ನಾನು ಎದ್ದು ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಊರಿನ ನೀರು, ಊರಿನ ಟೊಮ್ಯಾಟೊ, ಊರಿನ ಇಂಗು. ಇಲ್ಲಿ ಯಾವುದನ್ನು ದೂರುವುದು? ಆ ಹೊತ್ತು ಭಾವನ ಕೆನ್ನೆಗೆ ಎರಡು ಬಿಗಿಯಬೇಕೆನ್ನಿಸಿತು. ಒಳಗೆ ಅವನೂ ತಟ್ಟೆಯ ಮುಂದೆ ಒಣಗಿದ ಕೈಯಲ್ಲಿ ಹಾಗೇ ಕೂತಿದ್ದ, ಅಳುತ್ತಿದ್ದನೋ ಏನೋ.

ಮಾರನೆಯ ಬೆಳಿಗ್ಗೆ ಸಾರಕ್ಕ ಹಾಲು ಕಾಯಿಸಲು ಸಣ್ಣ ಉರಿಯಲ್ಲಿಟ್ಟು, "ನೋಡ್ಕೋತಿರೋ" ಎಂದು ಭಾವನಿಗೆ ಹೇಳಿ ಕರಿಬೇವಿಗೆಂದು ಪಕ್ಕದ ಮನೆಗೆ ಹೋದಳು. ನಾನು ಬೀದಿಯಲ್ಲಿ ಅಂಗಡಿಯವನ ಜೊತೆ ಹರಟುತ್ತಿದ್ದೆ. ಇದ್ದಕ್ಕಿದ್ದಂತೆ ಹಾಲು ಸೀದ ಘಾಟು. ಅಂಗಡಿಯವನು ಮೂಗು ಮುಚ್ಚಿಕೊಂಡ. ಇಬ್ಬರು ಹೆಂಗಸರು ಕಿಟಕಿಯಿಂದ ಇಣುಕಿ, "ಯಾರ ಮನೇದ್ರೀ?" ಎಂದು ಕೂಗಿದರು. ನಾನೂ ಸಾರಕ್ಕನೂ ಒಟ್ಟಿಗೇ ಒಳಗೆ ನುಗ್ಗಿದೆವು. ಪಾತ್ರೆಯ ತಳ ಇದ್ದಿಲಾಗಿತ್ತು, ಅಡುಗೆಮನೆಯ ತುಂಬ ಹೊಗೆ. ಒಲೆಗೆ ಬೆನ್ನು ಹಾಕಿ, ಎರಡು ಮಾರು ದೂರದಲ್ಲಿ, ಭಾವ ನೆಮ್ಮದಿಯಾಗಿ ಪೇಪರು ಓದುತ್ತಾ ಕೂತಿದ್ದ.

"ಏನಾಯ್ತು?" ಎಂದು ನಮ್ಮನ್ನೇ ಕೇಳಿದ.

"ಏನಾಯ್ತಾ? ಹಾಲು ಸೀದು ಬೀದಿಯೆಲ್ಲಾ ನಾತ ಹೊಡೀತಿದೆ! ನಿನಗೆ ವಾಸನೆ ಬರ್ಲಿಲ್ವೇನೋ?"

ಭಾವ ಎದ್ದು ಪಾತ್ರೆಯ ಹತ್ತಿರ ಹೋದ. ಬಗ್ಗಿ, ಉಸಿರು ಎಳೆದ. ಇನ್ನೊಮ್ಮೆ ಎಳೆದ. ಹೊಗೆಗೆ ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ಆಮೇಲೆ ತಿರುಗಿ ನಮ್ಮಿಬ್ಬರ ಮುಖ ನೋಡಿದ. ನನಗೆ ಒಂದೊಂದಾಗಿ ನೆನಪಾಯಿತು. ಮಗಳು ಹಸುಗೂಸಾಗಿದ್ದಾಗ ಮುಖ ಹಿಂಡದೆ ಅವಳ ಬಟ್ಟೆ ಬದಲಿಸುವ ಗಂಡಸೆಂದು ಎಲ್ಲರೂ ಅವನನ್ನು ಹೊಗಳಿದ್ದರು. ಕೆಟ್ಟ ಹಾಲಿನ ಕಾಫಿಯನ್ನು ಕುಡಿದು ಲೋಟ ಕೆಳಗಿಟ್ಟವನೂ ಅವನೇ. ಎಲ್ಲ ಕಣ್ಣೆದುರೇ ಇತ್ತು.

ಆಗಲೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣು ಮುಚ್ಚಲು ಹೇಳಿ, ಕಾಫಿಪುಡಿ, ಲವಂಗದ ಎಣ್ಣೆ, ಕರ್ಪೂರ, ಒಂದೊಂದಾಗಿ ಹತ್ತಿಯಲ್ಲಿ ಅವನ ಮೂಗಿಗೆ ತಾಗುವಂತೆ ಹಿಡಿದರು. "ಏನಿದು ಹೇಳಿ?" ಪ್ರತಿ ಸಲವೂ ಭಾವನದು ಒಂದೇ ಉತ್ತರ, "ಹತ್ತಿ." ಬೇರೆ ಹೊತ್ತಾಗಿದ್ದರೆ ನಾನು ನಗುತ್ತಿದ್ದೆ. ಎಲ್ಲಿ ಕೆಲಸ ಎಂದು ಕೇಳಿದರು, ತೊಟ್ಟಿಗಳ ವಿಷಯ ಕೇಳಿದರು, ಫ್ಯಾನಿನ ವಿಷಯವನ್ನು ಎರಡು ಸಲ ಕೇಳಿದರು. ಆಸಿಡ್ಡಿನ ಹೊಗೆಗೆ ಮೂಗಿನ ನರ ಸುಟ್ಟುಹೋಗಿದೆ, ಇಷ್ಟು ವರ್ಷವಾದ ಮೇಲೆ ಮರಳುವುದು ಕಷ್ಟ ಎಂದರು. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ಗೊತ್ತಾಗುತ್ತದೆ, ಖಾರ ಚುರುಗುಟ್ಟುತ್ತದೆ, ಉಳಿದ ರುಚಿಯೆಲ್ಲ ಮೂಗಿನದು ಎಂದರು.

"ಯಾವಾಗಿನಿಂದ ಹೀಗೆ?"

ಭಾವನಿಗೆ ಗೊತ್ತಿರಲಿಲ್ಲ. ಸಾರಕ್ಕ ಮೆಲ್ಲಗೆ ಹೇಳಿದಳು. "ಮದುವೆಗೆ ಬಂದಾಗ ನೆಗಡಿ ಅಂದಿದ್ದ ಡಾಕ್ಟ್ರೇ. ಮೂಗು ಒಂದು ಹನೀನೂ ಸುರೀತಿರ್ಲಿಲ್ಲ. ನಾನು ಕಷಾಯ ಕೊಟ್ಟೆ."

ಮನೆಗೆ ಬಂದವನು ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಸಾರಕ್ಕನ ಕಾಲು ಹಿಡಿದುಕೊಂಡು, "ನಿನ್ನ ಕೈ ಹೋಗಿಲ್ಲ ಅಕ್ಕಾ, ನನ್ನದೇ ಹೋಗಿದೆ" ಎಂದು ಅತ್ತ. ಅವಳು ಅವನ ತಲೆ ಸವರುತ್ತಾ, "ಹೋಗ್ಲಿ ಬಿಡೋ, ಹೋಗ್ಲಿ ಬಿಡು" ಎನ್ನುತ್ತಿದ್ದಳು. ಅವಳ ಮುಖ ನಿನ್ನೆಗಿಂತ ಹಗುರಾಗಿತ್ತು, ಅದಕ್ಕೆ ಅವಳಿಗೇ ನಾಚಿಕೆಯಾದಂತಿತ್ತು. ಸಂಜೆ ಭಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕನಿಗೆ ಫೋನು ಮಾಡಿದ. ಒಬ್ಬನೇ ಮಾತಾಡಲು ಧೈರ್ಯವಿರಲಿಲ್ಲ. ಸ್ಪೀಕರ್ ಹಾಕಿದ್ದ. ಹಾಲು ಸೀದದ್ದರಿಂದ ಹಿಡಿದು ಹತ್ತಿಯವರೆಗೆ ಒಂದೂ ಬಿಡದೆ ಹೇಳಿದ.

"ಕೇಳಿಸ್ತಾ ಇದೆಯೇನೇ?"

"ಹೂಂ." ಆಮೇಲೆ ಕೇಳಿದಳು. "ಮದುವೆಗೆ ಮೊದಲೇ ಹೋಗಿತ್ತು ಅಂತೀರಲ್ಲ. ಹಾಗಾದ್ರೆ ನನ್ನ ಸಾರು ಒಂದಿನಾನೂ ನಿಮಗೆ ಗೊತ್ತಾಗಿಲ್ಲ."

"ಇಲ್ಲ ಕಣೇ."

"ಅದು ಚೆನ್ನಾಗಿತ್ತೋ ಇಲ್ವೋ, ನಿಮಗೆ ಗೊತ್ತಿಲ್ಲ."

ನಾನು ತಡೆಯಲಾಗದೆ ಬಾಯಿ ಹಾಕಿದೆ. "ಅಕ್ಕಾ, ಚೆನ್ನಾಗಿತ್ತು. ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ."

"ನಿನ್ನನ್ನ ಕೇಳಿಲ್ಲ, ಸುಮ್ನಿರು."

ಭಾವ ಫೋನನ್ನು ಬಾಯಿಯ ಹತ್ತಿರ ತಂದ. "ನಾನು ವಾಪಸ್ ಬಂದ ಮೇಲೆ ನಿಮ್ಮಮ್ಮನ ಥರಾನೇ ಮಾಡು. ನನ್ನ ಮಾತು ಕೇಳಿ ಏನೇನು ಬದಲಾಯಿಸಿದ್ಯೋ ಅದೆಲ್ಲ ಬಿಟ್ಟು, ಮೊದಲು ಮಾಡ್ತಿದ್ದೆಯಲ್ಲ, ಹಾಗೆ. ನನಗೆ ಗೊತ್ತಾಗದಿದ್ರೂ ಮಗಳು ಉಣ್ಲಿ."

"ಅದನ್ನೇ ನಿನ್ನೆ ಮಾಡೋಕೆ ಹೋದೆ ಕಣ್ರೀ," ಎಂದಳು ಅಕ್ಕ. "ನೀವು ಇರ್ಲಿಲ್ವಲ್ಲ, ಒಂದಿನ ನನಗೆ ಬೇಕಾದ ಹಾಗೆ ಮಾಡ್ಕೊಂಡು ಉಣ್ಣೋಣ ಅಂತ. ಏನು ಮಾಡಿದ್ರೂ ಬರ್ಲಿಲ್ಲ. ಅಮ್ಮನೂ ಇಲ್ಲ ಕೇಳೋಕೆ. ನನ್ನ ಸಾರು ಹೇಗಿತ್ತು ಅಂತ ನನಗೂ ಮರೆತುಹೋಗಿದೆ."